ಗುಟ್ಟು ಯಾರದ್ದು ಅಂತ ಮೊದಲು ಕೇಳಿ

ಪ್ರಶ್ನೆ: ನಾನು ಪೆರ್ಲದ ಹತ್ತಿರದ ಒಂದು ಗ್ರಂಥಾಲಯದ ಕಾರ್ಯದರ್ಶಿ. ಕಳೆದ ತಿಂಗಳು ಒಂದು ಚರ್ಚಾಕೂಟ ಇಟ್ಟುಕೊಂಡಿದ್ದೆವು. ವಿಷಯ: 'ಸರಕಾರದ ರಹಸ್ಯ ಕಾಗದ ಹೊರಗೆ ಹಾಕಿದವನು ದ್ರೋಹಿಯೋ, ಉಪಕಾರಿಯೋ?' ಹತ್ತು ನಿಮಿಷದಲ್ಲಿ ಒಂದು ಕಡೆಯವರು 'ದೇಶದ್ರೋಹಿಗಳು' ಅಂದರು, ಇನ್ನೊಂದು ಕಡೆಯವರು 'ಗುಲಾಮರು' ಅಂದರು. ಮೈಕ್ ಎಳೆದಾಟದಲ್ಲಿ ಸಭೆ ಮುಗಿಯಿತು. ನನ್ನ ಸೋದರಮಾವ ಆವತ್ತಿನಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ. ಇಂಥ ವಿಷಯ ಚರ್ಚಿಸುವುದೇ ತಪ್ಪಾ? ವಾದದ ದೋಷ ಹಿಡಿಯುವುದು ಹೇಗೆ? ಸೋರಿಹೋದ ಕಾಗದದ ಫೋಟೋ ವಾಟ್ಸಾಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸಬಹುದಾ?

ಉತ್ತರ: ಚರ್ಚೆ ಇಟ್ಟದ್ದು ತಪ್ಪಲ್ಲ ತಂಗಿ. ಜಗಳ ಕೂತಿದ್ದದ್ದು ನೀವು ಆರಿಸಿದ ವಾಕ್ಯದಲ್ಲಿ. 'ದ್ರೋಹಿಯೋ ಉಪಕಾರಿಯೋ' ಅಂತ ಕೇಳಿದ ಕೂಡಲೇ ಸಭೆ ಎರಡು ಪಾಲಾಯಿತು. ಯಾವ ಕಾಗದ, ಅದರಲ್ಲಿ ಏನಿತ್ತು, ಅದು ಹೊರಬಂದು ಯಾರಿಗೆ ಏನಾಯಿತು ಅಂತ ಕೇಳುವ ಮೊದಲೇ ಒಬ್ಬ ಮನುಷ್ಯನಿಗೆ ಹೆಸರಿಡಬೇಕಾಗಿ ಬಂತು. ಕೋರ್ಟಿನಲ್ಲಿ ಸಾಕ್ಷಿ, ವಾದ ಎಲ್ಲ ಮುಗಿದ ಮೇಲೆ ತೀರ್ಪು ಓದುತ್ತಾರೆ. ನಿಮ್ಮ ಸಭೆಯಲ್ಲಿ ತೀರ್ಪಿನಿಂದಲೇ ಶುರುವಾಯಿತು.

ನಾನು ಕಾಸರಗೋಡಿನಲ್ಲಿ ವಕೀಲಿ ಹಿಡಿದ ಹೊಸತು. ಬದಿಯಡ್ಕ ಕಡೆಯ ಒಬ್ಬರು ಕೃಷಿಕರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಂದು ಹಳೇ ಕಾರ್ಬನ್ ಪ್ರತಿ ಸುತ್ತಿಕೊಂಡು ಬಂದರು. ತಲೆಯ ಮೇಲೆ ಕೆಂಪು ಶಾಯಿಯ ಮುದ್ರೆ: 'ಕಾನ್ಫಿಡೆನ್ಶಿಯಲ್'. ಮೇಜಿನ ಮೇಲೆ ಇಡುವಾಗ ಅವರ ಕೈ ನಡುಗುತ್ತಿತ್ತು. "ಇದನ್ನು ಇಟ್ಟುಕೊಂಡದ್ದಕ್ಕೆ ಜೈಲಾಗ್ತದಾ ವಕೀಲರೇ?" ಅಂತ ಕೇಳಿದರು. ಓದಿ ನೋಡಿದೆ. ರಸ್ತೆಗೆ ಹೋದ ಅವರ ಅಡಿಕೆ ಮರಗಳ ಪರಿಹಾರ ಎರಡು ವರ್ಷದ ಹಿಂದೆಯೇ ಮಂಜೂರಾಗಿತ್ತು. ದುಡ್ಡು ಅವರ ಕೈಗೆ ಬಂದಿರಲಿಲ್ಲ, ಅಷ್ಟೇ. ಆ ಕೆಂಪು ಮುದ್ರೆ ಯಾವುದೋ ಮೇಜಿನ ಸೋಮಾರಿತನವನ್ನು ಕಾಯುತ್ತಿತ್ತು. ಆದರೆ ಆ ಮನುಷ್ಯ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. 'ಸರಕಾರದ ರಹಸ್ಯ' ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಆ ಕೈಗಳೇ ನೆನಪಾಗುವುದು.

ನಿಮ್ಮ ಸಭೆ ಎಡವಿದ ಕಲ್ಲು ಇದೇ. 'ದೇಶದ ಗುಟ್ಟು' ಮತ್ತು 'ಸರಕಾರದ ಗುಟ್ಟು' ಎರಡು ಬೇರೆ. ಬಿಸಿ ಮಾತಿನಲ್ಲಿ ಎರಡನ್ನೂ ಒಂದೇ ಮಾಡುತ್ತಾರೆ. ನಮ್ಮ ಹಳೇ ನ್ಯಾಯಶಾಸ್ತ್ರದಲ್ಲಿ ಈ ದೋಷಕ್ಕೆ 'ಛಲ' ಅಂತ ಹೆಸರು. ಕನ್ನಡದಲ್ಲಿ ಹಟ ಅನ್ನುವ ಅರ್ಥದಲ್ಲಿ ಹೇಳುತ್ತೇವಲ್ಲ, ಆ ಛಲ ಅಲ್ಲ. ಎದುರಿನವನ ಶಬ್ದಕ್ಕೆ ಬೇರೆ ಅರ್ಥ ಹಚ್ಚಿ ಅವನನ್ನು ಸೋಲಿಸುವುದು. ಅದಕ್ಕೆ ಕೊಡುವ ಉದಾಹರಣೆ ತುಂಬ ಹಳೆಯದು. ಒಬ್ಬ 'ಇವನದು ನವ ಕಂಬಳಿ' ಅಂದ. ಹೊಸ ಕಂಬಳಿ ಅಂತ ಅವನ ಮನಸ್ಸಿನಲ್ಲಿ. ಎದುರಿನವ, 'ಇರುವುದು ಒಂದು, ಉಳಿದ ಎಂಟು ಎಲ್ಲಿ?' ಅಂತ ಕೇಳಿದ. ನವ ಅಂದರೆ ಹೊಸತೂ ಹೌದು, ಒಂಬತ್ತೂ ಹೌದು. ಕೇಳಿದವರು ನಗಬಹುದು, ಕಂಬಳಿ ಹೊಸತೋ ಹಳತೋ ಅನ್ನುವುದು ಮಾತ್ರ ಹಾಗೇ ಉಳಿಯಿತು. 'ಸರಕಾರದ ಈ ಲೆಕ್ಕದಲ್ಲಿ ತಪ್ಪುಂಟು' ಅಂತ ಒಬ್ಬ ಹೇಳಿದಾಗ, 'ದೇಶದ ವಿರುದ್ಧ ಮಾತಾಡ್ತೀಯಾ' ಅಂತ ಉತ್ತರ ಬಂದರೆ, ಅದೂ ನವ ಕಂಬಳಿಯೇ. ಲೆಕ್ಕ ತಪ್ಪೋ ಸರಿಯೋ ಅನ್ನುವುದು ಹಾಗೇ ಉಳಿಯಿತಲ್ವಾ?

ಕಾನೂನಿನಲ್ಲೂ ಈ ಗೊಂದಲ ಉಂಟು. ಅಧಿಕೃತ ರಹಸ್ಯ ಕಾಯ್ದೆ ಬ್ರಿಟಿಷರ ಕಾಲದ್ದು, 1923ರದ್ದು. ಶಿಕ್ಷೆ ಎಷ್ಟು ಅಂತ ಅದರಲ್ಲಿ ಬರೆದುಂಟು, ರಹಸ್ಯ ಅಂದರೆ ಏನು ಅನ್ನುವ ವ್ಯಾಖ್ಯೆ ಇಲ್ಲ. 2002ರಲ್ಲಿ ದೆಹಲಿಯ ಪತ್ರಕರ್ತ ಇಫ್ತಿಕಾರ್ ಗಿಲಾನಿ ಅವರನ್ನು ಈ ಕಾಯ್ದೆಯಡಿ ಹಿಡಿದರು. ಅವರ ಕಂಪ್ಯೂಟರಿನಲ್ಲಿ ಸಿಕ್ಕ ಮಾಹಿತಿ ಅದಾಗಲೇ ಪ್ರಕಟವಾಗಿ ಎಲ್ಲರಿಗೂ ಸಿಗುತ್ತಿದ್ದದ್ದು. ಆದರೂ ಅವರು ಏಳು ತಿಂಗಳು ಜೈಲಿನಲ್ಲಿದ್ದರು. 2003ರ ಜನವರಿಯಲ್ಲಿ ಮೊಕದ್ದಮೆ ಹಿಂದಕ್ಕೆ ತೆಗೆದರು.

ಇನ್ನೊಂದು ಕಡೆಯವರಿಗೂ ನ್ಯಾಯ ಸಲ್ಲಬೇಕು. ನಿಜವಾದ ಗುಟ್ಟು ಇಲ್ಲವೇ ಇಲ್ಲ ಅನ್ನುವುದು ದುಡುಕು. ಸೈನ್ಯ ಎಲ್ಲಿ ಬೀಡುಬಿಟ್ಟಿದೆ, ಪೊಲೀಸರಿಗೆ ಸುಳಿವು ಕೊಟ್ಟವರು ಯಾರು, ಇದೆಲ್ಲ ಮುಚ್ಚಿಡಲೇಬೇಕು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯನ್ನೇ ನೋಡಿ. ಬೆಳಿಗ್ಗೆ ಪರೀಕ್ಷೆ ಶುರುವಾಗುವ ತನಕ ಅದನ್ನು ಮುಚ್ಚಿಡುವುದು ಮಕ್ಕಳಿಗಾಗಿ. ಮಧ್ಯಾಹ್ನ ಅದೇ ಕಾಗದ ಹುಡುಗರ ಕೈಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಓಡಾಡುತ್ತದೆ, ಯಾರಿಗೂ ನಷ್ಟ ಇಲ್ಲ. ಗುಟ್ಟಿಗೂ ಒಂದು ಆಯುಸ್ಸು ಉಂಟು, ಒಂದು ಕಾರಣ ಉಂಟು. ಕಾರಣ ಹೇಳಲಾಗದ ಗುಟ್ಟಿನ ಬಗ್ಗೆ ಮಾತ್ರ ನಾವು ಗಟ್ಟಿಯಾಗಿ ಕೇಳಬೇಕಾದ್ದು. 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಯಾವುದೆಲ್ಲ ಕೊಡಬೇಕಾಗಿಲ್ಲ ಅಂತ ಪಟ್ಟಿ ಉಂಟು. ಅದೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್ ಹೇಳುತ್ತದೆ: ಹಾನಿಗಿಂತ ಸಾರ್ವಜನಿಕ ಹಿತ ಜಾಸ್ತಿ ಇದ್ದರೆ, 1923ರ ಕಾಯ್ದೆ ಏನೇ ಹೇಳಲಿ, ಮಾಹಿತಿ ಕೊಡಬಹುದು. ತೂಗಿ ನೋಡಿ ಅಂತ ಸಂಸತ್ತೇ ಹೇಳಿದೆ. ನಿಮ್ಮ ಸಭೆಯಲ್ಲಿ ಆ ತಕ್ಕಡಿಯನ್ನು ಯಾರೂ ಹೊರಗೆ ತೆಗೆಯಲಿಲ್ಲ.

ತೂಗದೆ ಕೂಗಿದರೆ ಏನಾಗುತ್ತದೆ ಅಂತ ಕೇರಳದ ನಮಗೆ ಬೇರೆಯವರು ಹೇಳಬೇಕಾಗಿಲ್ಲ. 1994ರ ಕೊನೆ. ತಿರುವನಂತಪುರದಲ್ಲಿ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ನವೆಂಬರ್ 30ರಂದು ಬಂಧಿಸಿದರು. ಕ್ರಯೋಜೆನಿಕ್, ಅಂದರೆ ಅತಿ ತಣ್ಣನೆಯ ಇಂಧನದಲ್ಲಿ ನಡೆಯುವ ರಾಕೆಟ್ ಎಂಜಿನ್ನಿನ ಗುಟ್ಟನ್ನು ಮಾಲ್ದೀವ್ಸ್ ಹೆಂಗಸರ ಮೂಲಕ ಮಾರಿದರು ಅನ್ನುವ ಆರೋಪ. ಆ ದಿನಗಳಲ್ಲಿ ಬೆಳಿಗ್ಗೆ ಹೋಟೆಲಿನಲ್ಲಿ ಪೇಪರು ಬಿಡಿಸಿದರೆ ಇದೇ ಸುದ್ದಿ. ಗೂಢಚಾರರು, ಸುಂದರಿಯರು, ಡಾಲರು. ನಾನೂ ನಂಬಿದ್ದೆ. ನಮ್ಮ ಬಾರ್ ರೂಮಿನಲ್ಲಿ ಒಬ್ಬರು ಹಿರಿಯ ವಕೀಲರು ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಮ್ಮ ಕೈಯಲ್ಲಿ ಆ ಎಂಜಿನ್ ಉಂಟಾ?" ನಾವು ಸುಮ್ನೆ ಕೂತೆವು. ಆ ತಂತ್ರಜ್ಞಾನ ಆಗ ನಮಗೆ ಕೈಗೂಡಿಯೇ ಇರಲಿಲ್ಲ. ಸ್ವದೇಶಿ ಕ್ರಯೋಜೆನಿಕ್ ಹಂತ ಇರುವ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಇಲ್ಲದ ಸಾಮಾನನ್ನು ಮಾರುವುದು ಹೇಗೆ ಅಂತ ಕೇಳಲು ಎಂಜಿನಿಯರ್ ಆಗಬೇಕಾಗಿರಲಿಲ್ಲ. 1996ರಲ್ಲಿ ಸಿಬಿಐ ಇಡೀ ಆರೋಪವೇ ಸುಳ್ಳು ಅಂತ ವರದಿ ಕೊಟ್ಟಿತು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟು 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮಧ್ಯದಲ್ಲಿ 24 ವರ್ಷ ಹೋಗಿತ್ತು. ಅವರನ್ನು ದ್ರೋಹಿ ಅಂತ ಕರೆಯಲು ನಮಗೆ ಒಂದು ವಾರ ಸಾಕಾಗಿತ್ತು.

ಆ ಹಿರಿಯರ ಪ್ರಶ್ನೆಯನ್ನೇ ನಾನು ಈಗಲೂ ಕಿರಿಯ ವಕೀಲರಿಗೆ ಹೇಳಿಕೊಡುವುದು. ಮಾತು ಬಿಸಿಯಾದಾಗ, ಅದರೊಳಗೆ ಇರಲೇಬೇಕಾದ ಒಂದು ಸಣ್ಣ ಸಂಗತಿ ಯಾವುದು ಅಂತ ಹುಡುಕಿ, ಅದನ್ನೇ ಕೇಳಬೇಕು.

ಈಗ ಎದುರಿನ ಬಗೆಯ ತಪ್ಪು. 2019ರ ರಫೇಲ್ ಮೊಕದ್ದಮೆ ನಿಮ್ಮ ಸಭೆಯಲ್ಲೂ ಬಂದಿರಬೇಕು. ಯುದ್ಧವಿಮಾನ ಖರೀದಿಯ ಬಗ್ಗೆ ರಕ್ಷಣಾ ಸಚಿವಾಲಯದ ಒಳಗಿನ ಕಾಗದಗಳು 'ದಿ ಹಿಂದೂ' ಪತ್ರಿಕೆಯಲ್ಲಿ ಬಂದವು. ಹಿಂದಿನ ತೀರ್ಪನ್ನು ಮತ್ತೆ ನೋಡಿ ಅಂತ ಸುಪ್ರೀಂ ಕೋರ್ಟಿನಲ್ಲಿ ಆಗಲೇ ಇದ್ದ ಪುನರ್ವಿಮರ್ಶೆಯ ಅರ್ಜಿಯಲ್ಲಿ ಅವನ್ನೂ ಮುಂದಿಟ್ಟರು. ಸರಕಾರದ ಪರವಾಗಿ ವಾದಿಸಿದ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ನಮ್ಮ ಕಾಞಂಗಾಡಿನಲ್ಲಿ ಹುಟ್ಟಿದವರು. ಇವು ಕದ್ದ ಕಾಗದಗಳು, ಕೋರ್ಟು ಇವನ್ನು ನೋಡಲೇಬಾರದು ಅಂತ ಅವರ ವಾದ. ಏಪ್ರಿಲ್ 10ರಂದು ಕೋರ್ಟು ಆ ಆಕ್ಷೇಪವನ್ನು ತಳ್ಳಿಹಾಕಿತು. ಕಾಗದ ಬಂದ ದಾರಿ ಬೇರೆ, ಕಾಗದದಲ್ಲಿ ಇರುವ ವಿಷಯ ಬೇರೆ. ಆವತ್ತು ಸರಕಾರದ ವಿರೋಧಿಗಳು ಪಟಾಕಿ ಹೊಡೆದ ಹಾಗೆ ಮಾತಾಡಿದರು, ಮೊಕದ್ದಮೆಯೇ ಗೆದ್ದ ಹಾಗೆ. ಅದೇ ವರ್ಷ ನವೆಂಬರ್ 14ರಂದು ಅದೇ ಪೀಠ ಅದೇ ಅರ್ಜಿಗಳನ್ನು ವಜಾ ಮಾಡಿತು. ಕಾಗದ ಓದಲು ಒಪ್ಪುವುದು ಒಂದು, ಅದು ಹೇಳುವುದನ್ನು ಒಪ್ಪುವುದು ಇನ್ನೊಂದು. 'ಕದ್ದದ್ದು, ಹಾಗಾಗಿ ಸುಳ್ಳು' ಅನ್ನುವವರು ಎಷ್ಟು ತಪ್ಪೋ, 'ಗುಟ್ಟಾಗಿತ್ತು, ಹಾಗಾಗಿ ನಿಜ' ಅನ್ನುವವರೂ ಅಷ್ಟೇ ತಪ್ಪು.

ಅದೇ ಪ್ರಕರಣದಲ್ಲಿ ಇನ್ನೂ ಒಂದು ಸೂಕ್ಷ್ಮ ಉಂಟು. ಫೆಬ್ರವರಿಯಲ್ಲಿ ಮೊದಲು ಅಚ್ಚಾದ ಟಿಪ್ಪಣಿಯಲ್ಲಿ ಅಧಿಕಾರಿಗಳ ಆಕ್ಷೇಪ ಇತ್ತು: ಪ್ರಧಾನಿ ಕಚೇರಿ ಬೇರೆಯಾಗಿ ಮಾತುಕತೆ ನಡೆಸುತ್ತಿದೆ ಅಂತ. ಅದೇ ಪುಟದ ಕೆಳಗೆ ಆಗಿನ ರಕ್ಷಣಾ ಸಚಿವ ಮನೋಹರ ಪರಿಕ್ಕರ್ ತಮ್ಮ ಕೈಬರಹದಲ್ಲಿ, ಈ ಆಕ್ಷೇಪ ಸ್ವಲ್ಪ ಅತಿಯಾಯಿತು ಅನ್ನುವ ಅರ್ಥದಲ್ಲಿ ಬರೆದಿದ್ದರು. ಮೊದಲ ದಿನ ಆ ಭಾಗ ಕಾಣಿಸಲಿಲ್ಲ, ಆಮೇಲೆ ಬಂತು. ಮೇಲಿನದು ಮಾತ್ರ ಓದಿದವನಿಗೆ ಒಂದು ಕಥೆ. ಪೂರ್ತಿ ಓದಿದವನಿಗೂ ಪ್ರಶ್ನೆ ಉಳಿಯಬಹುದು, ಆದರೆ ಅದು ಬೇರೆಯೇ ಪ್ರಶ್ನೆ. ಸೋರಿಹೋದ ಕಾಗದ ಯಾವಾಗಲೂ ಯಾರೋ ಆರಿಸಿ ಕೊಟ್ಟ ಕಾಗದ. 'ಇದರ ಹಿಂದಿನ ಪುಟ ಎಲ್ಲಿ, ಮುಂದಿನ ಪುಟ ಎಲ್ಲಿ' ಅಂತ ಕೇಳುವುದು ಸರಕಾರದ ಬಾಲಂಗೋಚಿತನ ಅಲ್ಲ. ದಿನಾ ದಸ್ತಾವೇಜು ಓದುವ ಯಾರಾದರೂ ಕೇಳುವ ಪ್ರಶ್ನೆ ಅದು.

ಇನ್ನು ಹೊರಹಾಕಿದ ಮನುಷ್ಯನ ವಿಷಯ. ಇದನ್ನು ನಮ್ಮ ಕುಂಬಳೆ ಸೀಮೆಯವರು ತಾಳಮದ್ದಳೆಯಲ್ಲಿ, ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಎಷ್ಟು ರಾತ್ರಿ ಕೇಳಿಲ್ಲ! ವಿಭೀಷಣ ಮಾಡಿದ್ದು ಸರಿಯಾ? ಪಾತ್ರದ ಮಾತಾಡುವ ಒಬ್ಬ ಅರ್ಥಧಾರಿ ಅವನನ್ನು 'ಮನೆಮುರುಕ' ಅಂತ ಹಳಿಯುತ್ತಾನೆ, ಇನ್ನೊಬ್ಬ ಧರ್ಮದ ಪಕ್ಷ ಹಿಡಿಯುತ್ತಾನೆ. ನಾನು ಹುಡುಗನಾಗಿದ್ದಾಗ ಒಂದು ದೇವಸ್ಥಾನದ ಚಾವಡಿಯಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕೇಳಿದ ಒಂದು ಕೂಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವಿಭೀಷಣನಾಗಿ ಕೂತವರು ತಮ್ಮ ಪಕ್ಷ ಹೇಳಲೇ ಇಲ್ಲ, ಮೊದಲಿಗೆ. ಶಾಲು ಸರಿಮಾಡಿಕೊಂಡು ಎದುರಿನ ರಾವಣನನ್ನೇ ನೋಡಿ, "ಅಣ್ಣಾ, ನೀನು ಹೇಳಿದ್ದು ಇಷ್ಟಲ್ಲವೇ?" ಅಂತ ಶುರುಮಾಡಿ, ರಾವಣನ ವಾದವನ್ನು ರಾವಣನಿಗಿಂತ ಚೆಂದ ಮಾಡಿ ಹೇಳಿದರು. ಉಪ್ಪಿನ ಋಣ, ತಮ್ಮನ ಕರ್ತವ್ಯ, ಶತ್ರುವಿನ ಎದುರು ಮನೆಯ ಒಗ್ಗಟ್ಟು, ಒಂದನ್ನೂ ಬಿಡಲಿಲ್ಲ. ಎದುರಿನವರು ತಲೆಯಾಡಿಸಿದರು. ಆಮೇಲೆ ಇವರು ಒಂದೇ ಮಾತು ಕೇಳಿದರು: "ಇದನ್ನೆಲ್ಲ ತುಂಬಿದ ಸಭೆಯಲ್ಲಿ ನಿನಗೇ ಮೊದಲು ಹೇಳಿದೆನಲ್ಲ, ಆಗ ನನ್ನನ್ನು ಒದ್ದವರು ಯಾರು?" ಚಾವಡಿ ಒಂದು ಕ್ಷಣ ತಣ್ಣಗಾಯಿತು. ಭಾಗವತರೂ ಪದ ಎತ್ತದೆ ಕಾದರು.

ಗುಟ್ಟು ಹೊರಹಾಕಿದವರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ. ಮೊದಲು ಒಳಗೆ ಹೇಳಿದನಾ? ಕೇಳಿಸಿಕೊಂಡರಾ? ಹೊರಗೆ ಹಾಕುವಾಗ ಏನನ್ನು ಹಾಕಿದ, ಏನನ್ನು ಬಿಟ್ಟ? ಅಮೆರಿಕದ ಡೇನಿಯಲ್ ಎಲ್ಸ್‌ಬರ್ಗ್ ವಿಯೆಟ್ನಾಂ ಯುದ್ಧದ ಬಗ್ಗೆ ಸರಕಾರವೇ ಬರೆಸಿದ 47 ಸಂಪುಟಗಳ ಗುಪ್ತ ಅಧ್ಯಯನವನ್ನು ನಕಲು ಮಾಡಿ ಮೊದಲು ಸೆನೆಟರುಗಳ ಹತ್ತಿರ ಹೋದರು. ಯಾರೂ ಮುಂದೆ ಬರಲಿಲ್ಲ. ಆಮೇಲೆಯೇ ಅದು ಪತ್ರಿಕೆಗೆ ಹೋದದ್ದು, 1971ರ ಜೂನ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬಂತು. ಶಾಂತಿ ಮಾತುಕತೆಗೆ ಸಂಬಂಧಿಸಿದ ನಾಲ್ಕು ಸಂಪುಟಗಳನ್ನು ಅವರು ಪತ್ರಿಕೆಗೆ ಕೊಡಲಿಲ್ಲ. ಮಾತುಕತೆ ಕೆಡಬಾರದು ಅಂತ. ಗುಪ್ತ ಕಾಗದಗಳನ್ನು ಪ್ರಕಟಿಸುವ ಜಾಲತಾಣ ವಿಕಿಲೀಕ್ಸ್‌ನ ವಿಷಯ ಬೇರೆ. 2010ರಲ್ಲಿ ಪತ್ರಿಕೆಗಳ ಜತೆ ಸೇರಿ ಹೆಸರು ಅಳಿಸಿ ಅಳಿಸಿ ಪ್ರಕಟಿಸುತ್ತಿದ್ದವರು, 2011ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎರಡೂವರೆ ಲಕ್ಷ ರಾಜತಾಂತ್ರಿಕ ಪತ್ರಗಳನ್ನು ಹೆಸರುಗಳ ಸಮೇತ ಹೊರಗೆ ಬಿಟ್ಟರು. ಜತೆಗಿದ್ದ ಪತ್ರಿಕೆಗಳೇ ಅದನ್ನು ಖಂಡಿಸಿದವು. ನನಗೆ ಎಲ್ಸ್‌ಬರ್ಗ್ ಬಗ್ಗೆ ಗೌರವ, 2011ರ ಆ ಕೆಲಸದ ಬಗ್ಗೆ ಇಲ್ಲ. ಎರಡನ್ನೂ 'ಸೋರಿಕೆ' ಅನ್ನುವ ಒಂದೇ ಚೀಲಕ್ಕೆ ತುಂಬಿ ಪರ, ವಿರೋಧ ಅಂತ ಕೈ ಎತ್ತಲು ಹೇಳಿದರೆ ನಾನು ಎತ್ತುವುದಿಲ್ಲ.

ನಮ್ಮಲ್ಲಿ ಒಳಗೆ ಹೇಳುವ ದಾರಿ ಹೇಗಿದೆ ಅಂತಲೂ ನೋಡಬೇಕು. ಹೆದ್ದಾರಿ ಕಾಮಗಾರಿಯ ಎಂಜಿನಿಯರ್ ಸತ್ಯೇಂದ್ರ ದುಬೆ ಭ್ರಷ್ಟಾಚಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದರು. ತನ್ನ ಹೆಸರು ಗುಟ್ಟಾಗಿ ಇಡಿ ಅಂತ ಕೇಳಿಕೊಂಡಿದ್ದರು. ಹೆಸರಿನ ಸಮೇತ ಪತ್ರ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಇಂಥವರ ರಕ್ಷಣೆಗೆ ಅಂತ 2014ರಲ್ಲಿ ಸಂಸತ್ತು ಒಂದು ಕಾಯ್ದೆ ಪಾಸು ಮಾಡಿತು, ಜಾರಿಗೆ ತರಲಿಲ್ಲ. 'ಒಳಗೆ ಹೇಳಬಹುದಿತ್ತಲ್ಲ' ಅಂತ ಸಭೆಯಲ್ಲಿ ಯಾರಾದರೂ ಹೇಳಿದರೆ, ಈ ಸಂಗತಿಯನ್ನು ಮೆತ್ತಗೆ ಅವರ ಮುಂದೆ ಇಡಿ. ಕಾಪಾಡಬೇಕಾದ ಗುಟ್ಟನ್ನು ಸರಕಾರವೇ ಬಿಟ್ಟುಕೊಟ್ಟ ಕಥೆ ಅದು. ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಈಗ ನಿಮ್ಮ ಸಭೆಯಲ್ಲಿ ಬಂದ ಕೆರಳಿಸುವ ಮಾತಿನ ವಿಷಯ. ಕಾನೂನಿನ ಗೆರೆ ಸ್ಪಷ್ಟ ಉಂಟು. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಮೂರು ಮೆಟ್ಟಿಲು ತೋರಿಸಿತು. ಕಿವಿಗೆ ಕಹಿಯಾದರೂ ಮೊದಲ ಎರಡಕ್ಕೆ ರಕ್ಷಣೆ ಉಂಟು. ಮೂರನೆಯದರಲ್ಲಿ ಮಾತ್ರ ಕಾನೂನು ಕೈ ಹಾಕಬಹುದು. ಇನ್ನೊಬ್ಬರಿಗೆ ಕಿರಿಕಿರಿಯಾಗುವ ಮಾತಿಗೆ ಶಿಕ್ಷೆ ಹೇಳುತ್ತಿದ್ದ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಅದೇ ತೀರ್ಪಿನಲ್ಲಿ ಬಿದ್ದುಹೋಯಿತು. ಹಾಗಾಗಿ 'ದ್ರೋಹಿ', 'ಗುಲಾಮ' ಅಂತ ಕೂಗಿದವರ ಮೇಲೆ ದೂರು ಕೊಡುವ ಯೋಚನೆ ಇದ್ದರೆ ಬಿಡಿ. ಕೆಟ್ಟ ಮಾತು ಹೌದು, ಅದಕ್ಕೆ ಕೇಸು ಮದ್ದಲ್ಲ.

ಆದರೆ ಗಡಿನಾಡಿನ ನಮಗೆ ಆ ಮಾತಿನ ಪೆಟ್ಟು ಗೊತ್ತಿರಬೇಕು. ಕನ್ನಡದಲ್ಲಿ ಅರ್ಜಿ ನಮೂನೆ ಕೊಡಿ ಅಂತ ಕೌಂಟರಿನಲ್ಲಿ ಕೇಳಿ, 'ನೀವು ಯಾವ ರಾಜ್ಯದವರು?' ಅಂತ ಕೇಳಿಸಿಕೊಂಡವರು ನಾವು. ಕೇಳಿದ್ದು ಒಂದು ಕಾಗದ, ಉತ್ತರ ಬಂದದ್ದು ನಮ್ಮ ನಿಷ್ಠೆಯ ಬಗ್ಗೆ. ಆವತ್ತು ಮೈ ಉರಿದದ್ದು ನೆನಪಿದ್ದರೆ, ನಾಳೆ ಸಭೆಯಲ್ಲಿ ಇನ್ನೊಬ್ಬರ ನಿಷ್ಠೆಯನ್ನು ಪ್ರಶ್ನಿಸಲು ನಾಲಿಗೆ ಬರುವುದಿಲ್ಲ.

ನಿಮ್ಮ ಎಣ್ಮಕಜೆ ಪಂಚಾಯತಿನಲ್ಲೇ ಇನ್ನೊಂದು ದೋಷದ ದೊಡ್ಡ ಪಾಠ ಉಂಟು. ಗೇರು ತೋಟಗಳ ಮೇಲೆ 2000ದ ತನಕ ವರ್ಷ ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಮಕ್ಕಳ ಕಾಯಿಲೆ ತೋರಿಸಿ ಕೇಳಿದವರಿಗೆ ಸಿಕ್ಕ ಉತ್ತರ, 'ಸಾಬೀತಾಗಿಲ್ಲ'. ಸಾಬೀತಾಗಿಲ್ಲ ಅಂದರೆ ಸುರಕ್ಷಿತ ಅಂತ ಅಲ್ಲ, ಅಲ್ವಾ? ಪರೀಕ್ಷೆಯೇ ಮಾಡದವನೂ ಆ ಮಾತು ಹೇಳಬಹುದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ರಾಜ್ಯಕ್ಕೆ ಆದೇಶಿಸಿತು. 'ಸೋರಿಕೆಯಿಂದ ದೇಶಕ್ಕೆ ಹಾನಿಯಾಗಿಲ್ಲ ಅಂತ ಸಾಬೀತು ಮಾಡಿ' ಅಂತ ಯಾರಾದರೂ ನಿಮ್ಮನ್ನು ಕೇಳಿದರೆ ಇದನ್ನು ನೆನಪಿಡಿ. ಹಾನಿಯಾಗಿದೆ ಅನ್ನುವವರು ಯಾವ ಹಾನಿ, ಯಾರಿಗೆ ಅಂತ ತೋರಿಸಬೇಕು. ನೀವು ಕೂಡ 'ಹಾನಿ ತೋರಿಸಲಿಲ್ಲ, ಹಾಗಾಗಿ ಆಗಿಯೇ ಇಲ್ಲ' ಅಂತ ಹಾರಬೇಡಿ.

ವಾಟ್ಸಾಪ್ ಫೋಟೋ. ಇದರಲ್ಲಿ ಎಚ್ಚರ ಬೇಕು. ಅಧಿಕೃತ ರಹಸ್ಯ ಕಾಯ್ದೆಯ 5ನೇ ಸೆಕ್ಷನ್ ಕೊಟ್ಟವನನ್ನು ಮಾತ್ರ ಹಿಡಿಯುವುದಲ್ಲ. ಕಾಯ್ದೆ ಮೀರಿ ಬಂದದ್ದು ಅಂತ ಗೊತ್ತಿದ್ದೂ ಬೇಕೆಂದೇ ತೆಗೆದುಕೊಂಡವನೂ ಅದರಲ್ಲಿ ಬರುತ್ತಾನೆ. ಮೂರು ವರ್ಷದ ತನಕ ಜೈಲು ಆಗಬಹುದು. ಸೈನ್ಯ, ಪೊಲೀಸ್ ಕಾರ್ಯಾಚರಣೆ, ಜನರ ಹೆಸರು ಇರುವ ಕಾಗದದ ಚಿತ್ರ ಬಂದರೆ ಕಳಿಸಬೇಡಿ, ಅಳಿಸಿ. ಪತ್ರಿಕೆಯಲ್ಲಿ ಅಚ್ಚಾದದ್ದನ್ನು, ತೀರ್ಪಿನಲ್ಲಿ ಇರುವುದನ್ನು ಚರ್ಚಿಸಲು ಹೆದರಬೇಕಾಗಿಲ್ಲ. ಊರಿನ ರಸ್ತೆ, ಶಾಲೆ, ಪರಿಹಾರದ ವಿಷಯವಾದರೆ ಸೋರಿಕೆಗೆ ಕಾಯುವುದೇ ಬೇಡ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಜಿಲ್ಲೆಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಿರಿ. ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೇ ಕೊಟ್ಟಿದೆ.

ಮಾವನ ವಿಷಯ ಕೊನೆಗೆ ಉಳಿಸಿಕೊಂಡೆ. ಒಂದು ಸಂಜೆ ಹೋಗಿ, ಗೆಲ್ಲುವ ಯೋಚನೆ ಬಿಟ್ಟು, ಆ ವಿಭೀಷಣನ ಅರ್ಥದಂತೆ ಶುರುಮಾಡಿ. "ಮಾವ, ನೀವು ಆವತ್ತು ಹೇಳಿದ್ದು ಇದಲ್ವಾ: ಗಡಿಯಲ್ಲಿ ನಿಂತವನ ಪ್ರಾಣಕ್ಕೆ ಕುತ್ತು ತರುವ ಕಾಗದವನ್ನು ಯಾರೂ ಹೊರಗೆ ಹಾಕಬಾರದು?" ಅವರ ಮಾತಿನಲ್ಲಿ ಅತಿ ಗಟ್ಟಿಯಾದ ಭಾಗವನ್ನೇ ಆರಿಸಿ ಹೇಳಿ. ಅವರು 'ಹೌದು, ಅದೇ' ಅಂದ ಮೇಲೆ, ಆ ಅಡಿಕೆ ಕೃಷಿಕರ ಕಾರ್ಬನ್ ಪ್ರತಿಯ ಕಥೆ ಹೇಳಿ, ಅದು ಯಾರ ಗುಟ್ಟು ಅಂತ ಕೇಳಿ. ಮತ್ತೆ ಸುಮ್ಮನಿರಿ. ಉತ್ತರ ಅವತ್ತೇ ಬರಬೇಕು ಅಂತ ಇಲ್ಲ.

ಮುಂದಿನ ಕೂಟಕ್ಕೆ ವಿಷಯ ಹೀಗೆ ಇಡಿ: 'ರಫೇಲ್ ಕಾಗದಗಳನ್ನು ನೋಡಲು ಕೋರ್ಟು ಒಪ್ಪಿದ್ದು ಸರಿಯೇ?' ಒಂದೇ ಕಾಗದ, ಒಂದೇ ಪ್ರಶ್ನೆ. ಪ್ರತಿಯೊಬ್ಬರೂ ಹಿಂದೆ ಮಾತಾಡಿದವರ ಮಾತನ್ನು ಮೊದಲು ಹೇಳಿ, ಅವರು ತಲೆಯಾಡಿಸಿದ ಮೇಲೆಯೇ ತಮ್ಮದು ಶುರುಮಾಡಬೇಕು ಅಂತ ನಿಯಮ ಮಾಡಿ. ದಿನ ಗೊತ್ತಾದರೆ ತಿಳಿಸಿ. ಆದಿತ್ಯವಾರವಾದರೆ ಬದಿಯಡ್ಕ ದಾರಿಯ ಬಸ್ಸು ಹಿಡಿದು ನಾನೂ ಬರುತ್ತೇನೆ. ಆ ತೀರ್ಪಿನ ಮುಖ್ಯ ಭಾಗಗಳನ್ನು ಕನ್ನಡದಲ್ಲಿ ಬರೆದು, ಹತ್ತು ಪ್ರತಿ ಮಾಡಿಸಿ ತರುತ್ತೇನೆ. ಮಾವನಿಗೆ ಒಂದು ಪ್ರತಿ ಮೊದಲೇ ಕಳಿಸಿಕೊಡಿ.